ಆನೆ ಹಿಡಿದ ಸ್ಯಾಂಡರ್ಸನ್ ಸಾಹೇಬರು

ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಿರಿ ಅಂತ ಮೇಷ್ಟ್ರು ಹೇಳಿದಾಗ ನಾನು ಜಾರ್ಜ್ ಸ್ಯಾಂಡರ್ಸನ್ ಅವರನ್ನು ಆರಿಸಿಕೊಂಡೆ. ಅವರು ಮಹನೀಯರು ಹೌದೋ ಅಲ್ಲವೋ ನನಗಿನ್ನೂ ಅನುಮಾನ. ಆದರೆ ನಮ್ಮ ಚಾಮರಾಜನಗರದ ಕಡೆ ಆನೆಯ ಮಾತು ಬಂದರೆ ಅವರ ಹೆಸರೂ ಬರುತ್ತೆ.

ಅವರು ಹುಟ್ಟಿದ್ದು 1848ರಲ್ಲಿ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ರೀವ್ ಎಂಬುವರ ಕನ್ನಡ ನಿಘಂಟನ್ನು ತಿದ್ದಿ ದೊಡ್ಡದು ಮಾಡಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಇವರೇ. ಆಗ ಬೆಂಗಳೂರಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಇನ್ನೂ ಹುಟ್ಟಿರಲಿಲ್ಲ. ಅಪ್ಪ ಪದ ಹಿಡಿದರು, ಮಗ ಆನೆ ಹಿಡಿದರು ಅಂತ ಮೇಷ್ಟ್ರು ತಮಾಷೆ ಮಾಡಿದರು.

ಮಗ 1864ರಲ್ಲಿ ಇಂಗ್ಲೆಂಡಿನಿಂದ ಬಂದು ಮೈಸೂರು ಸೀಮೆಯಲ್ಲಿ ನಾಲೆಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. 1873ರಲ್ಲಿ ಸರ್ಕಾರ ಅವರಿಗೆ ಆನೆ ಹಿಡಿಯುವ ಕೆಲಸ ಕೊಟ್ಟಿತು. ಅದಕ್ಕೆ ಮೊದಲು ಅವರು ಆನೆ ಹಿಡಿಯುವುದನ್ನು ಕಣ್ಣಿಂದ ನೋಡೇ ಇರಲಿಲ್ಲವಂತೆ! ಸುಮಾರು ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಯತ್ನಿಸಿ ಸೋತು, ಮುಂದೆ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಅವರಿಗೆ ಶಾಪ ಅಂತ ಕಲ್ಲಿನಲ್ಲಿ ಬರೆಸಿದ್ದನಂತೆ. ಸಾಹೇಬರಿಗೂ ಮೊದಲ ಸಲ ಆಗಲಿಲ್ಲ. 1874ರ ಜೂನ್‌ನಲ್ಲಿ ಹೊಳೆ, ನಾಲೆ, ಕಂದಕಗಳ ನಡುವೆ ಒಂದು ಹಿಂಡನ್ನೇ ಕೂಡಿಹಾಕಿ ಐವತ್ತಕ್ಕೂ ಹೆಚ್ಚು ಆನೆ ಹಿಡಿದರು. ಅದೇ ಖೆಡ್ಡಾ. 1878ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೂ ತಂದರು.

ನನಗೆ ಸಿಟ್ಟು ಬಂದದ್ದು ಆ ಪುಸ್ತಕದ ಒಂದು ಮಾತಿಗೆ. ಆನೆಗೆ ವಿಧೇಯತೆ ಜಾಸ್ತಿ, ಬುದ್ಧಿ ನಾಯಿಗಿಂತ ತುಂಬಾ ಕಮ್ಮಿ ಎಂಬುದು ಅವರ ಅಭಿಪ್ರಾಯ. ನಾಲ್ಕು ಕಡ್ಡಿ ಮುಚ್ಚಿದ ಗುಂಡಿಗೆ ಬೀಳುತ್ತೆ, ಕಣ್ಣಿಗೆ ಕಾಣುವ ಬೇಲಿಯೊಳಗೆ ಹಿಂಡೇ ನುಗ್ಗುತ್ತೆ ಅಂತ ಕಾರಣ ಕೊಡುತ್ತಾರೆ. ಅಲ್ಲಾ, ಹಿಂದೆ ತಮಟೆ, ಬೆಂಕಿ, ಕೋವಿ ಇದ್ದರೆ ಯಾರಿಗೆ ತಲೆ ಓಡುತ್ತೆ? ಪರೀಕ್ಷೆ ದಿನ ನನಗೆ ಗೊತ್ತಿರೋ ಲೆಕ್ಕವೇ ಬರಲ್ಲ.

ನಾಗರಹೊಳೆಯಲ್ಲಿ ಸಾಕಾನೆಗಳ ಮೇಲೆ ವಿಜ್ಞಾನಿಗಳು ನಡೆಸಿದ ಪರೀಕ್ಷೆ 2001ರಲ್ಲಿ ಪ್ರಕಟವಾಯಿತು. ನೊಣ ಓಡಿಸಲು ಆಗದಷ್ಟು ಉದ್ದದ ಕೊಂಬೆಗಳನ್ನು 13 ಆನೆಗಳಿಗೆ ಕೊಟ್ಟರು. ಎಂಟು ಆನೆಗಳು ಕೊಂಬೆಯನ್ನು ಮುರಿದೋ, ಪಕ್ಕದ ರೆಂಬೆ ಕಿತ್ತೋ ತಮಗೆ ಬೇಕಾದ ಅಳತೆಗೆ ಮಾಡಿಕೊಂಡು ಬೀಸಿಕೊಂಡವು. ಸಲಕರಣೆ ಮಾಡಿಕೊಂಡಂತೆ ಆಗಲಿಲ್ಲವೇ?

ಸಾಹೇಬರು 1892ರಲ್ಲಿ ಮದರಾಸಿನಲ್ಲಿ ತೀರಿಕೊಂಡರು. ಖೆಡ್ಡಾ 1971ರವರೆಗೂ ನಡೆಯಿತು.

ಹೋದ ಸುಗ್ಗಿಗೆ ಮೊದಲು ನಾನು ಅಪ್ಪನ ಜೊತೆ ಅಟ್ಟಣೆ ಮೇಲೆ ರಾಗಿ ಕಾಯುತ್ತಿದ್ದೆ. ಒಂದು ಕೊಂಬಾನೆ ಬಂತು. ಸೋಲಾರ್ ಬೇಲಿಯ ಹತ್ತಿರ ಸುಮ್ಮನೆ ನಿಂತಿತು. ತಂತಿ ಮುಟ್ಟಲಿಲ್ಲ. ಆಮೇಲೆ ಹಿಂದಕ್ಕೆ ಹೋಗಿ ಒಂದು ಒಣ ದಿಮ್ಮಿ ತಂದು ತಂತಿ ಮೇಲೆ ಕೆಡವಿ, ತುಳಿದುಕೊಂಡು ಒಳಗೆ ಬಂತು. ಅರ್ಧ ಎಕರೆ ಹೋಯ್ತು. ಅಮ್ಮ ಅತ್ತರು. ನನಗೆ ಅಳುವೂ ಬಂತು, ಅದರ ಬುದ್ಧಿಗೆ ಆಶ್ಚರ್ಯವೂ ಆಯ್ತು, ಮನೆಯಲ್ಲಿ ಹೇಳಲಿಲ್ಲ. ಬೆಳಗ್ಗೆ ಅಪ್ಪ ತಂತಿ ಕಟ್ಟಿ, ಬೇಲಿ ಉದ್ದಕ್ಕೂ ಬಿದ್ದಿದ್ದ ದಿಮ್ಮಿಗಳನ್ನೆಲ್ಲಾ ಒಂದೂ ಬಿಡದೆ ಮನೆಗೆ ಹೊತ್ತು ತಂದರು.