ಇಂಗಾಲದ ಬೆನ್ನುಹತ್ತಿದ ರಾಮನ್

ಬೆಂಗಳೂರು: ರಾಜಾಜಿನಗರದ ನೆರೆಯ ಮಲ್ಲೇಶ್ವರದಲ್ಲಿ ಸರ್ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಇದೆ. ಬೆಳಕಿನ ಚದುರುವಿಕೆಗಾಗಿ 1930ರಲ್ಲಿ ನೊಬೆಲ್ ಪಡೆದ ಅವರಿಗೆ ಇಂಗಾಲದ ಮೇಲಿದ್ದ ಮೋಹ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಕಲ್ಕತ್ತದಲ್ಲಿದ್ದಾಗ, 1929ರಲ್ಲಿ, ಗ್ರಾಫೈಟ್ ಆಯಸ್ಕಾಂತದಿಂದ ದೂರ ಸರಿಯುವುದಕ್ಕೆ ಕಾರಣ ಸೂಚಿಸಿದ್ದರು: ಎಲೆಕ್ಟ್ರಾನ್‌ಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ವಿಶಾಲ ಕಕ್ಷೆಗಳಲ್ಲಿ ಸುತ್ತುತ್ತವೆ. ಗ್ರಾಫೈಟ್‌ನ ಒಂದು ಪದರವನ್ನು ಸುರುಳಿ ಸುತ್ತಿದಂತಿರುವುದೇ ಇಂಗಾಲದ ನ್ಯಾನೊ ಕೊಳವೆ. ಅದು ಲೋಕದ ಗಮನ ಸೆಳೆದದ್ದು 1991ರಲ್ಲಿ, ರಾಮನ್ ತೀರಿಕೊಂಡ ಎರಡು ದಶಕಗಳ ನಂತರ. ಕೊಳವೆಯ ಉದ್ದಕ್ಕೆ ಪ್ರಬಲ ಕಾಂತಕ್ಷೇತ್ರ ಹಾಯಿಸಿದರೆ, ಲೋಹದಂತೆ ವಿದ್ಯುತ್ ಒಯ್ಯುತ್ತಿದ್ದುದು ಅರೆವಾಹಕವಾಗುತ್ತದೆ. ಕ್ಷೇತ್ರ ಇನ್ನೂ ಏರಿದರೆ ಮತ್ತೆ ಲೋಹ. ಕೊಳವೆ ತೆಳುವಾದಷ್ಟೂ ಬೇಕಾದ ಕ್ಷೇತ್ರ ಅಗಾಧ. ಯಾವುದು ಲೋಹ, ಯಾವುದು ಅರೆವಾಹಕ ಎಂದು ವಿಂಗಡಿಸಲು ವಿಜ್ಞಾನಿಗಳು ಆಶ್ರಯಿಸುವುದು ರಾಮನ್ ಪರಿಣಾಮವನ್ನು!

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಅವರು ಬೆಂಗಳೂರಿಗೆ ಬಂದರು. ಆಡಳಿತದ ತಿಕ್ಕಾಟದಲ್ಲಿ 1937ರಲ್ಲಿ ಆ ಹುದ್ದೆ ಹೋಯಿತು. ಊರು ಬಿಡಲಿಲ್ಲ, ಪ್ರಾಧ್ಯಾಪಕರಾಗಿ ಉಳಿದು ವಜ್ರಗಳ ಅಧ್ಯಯನದಲ್ಲಿ ಮುಳುಗಿದರು. ವಜ್ರದ ಹರಳಿನ ಕಂಪನಗಳ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆಗಿನ ವಾದದಲ್ಲಿ ರಾಮನ್ ಎಡವಿದ್ದು ನಿಜ. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ನಿಧನರಾದಾಗ ಅದರ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸ್ಮಾರಕವಿಲ್ಲ, ಒಂದು ಮರವಿದೆ.