ಎಂ. ವಿ. ಗೋವಿಂದಸ್ವಾಮಿ

ಡಾ. ಎಂ. ವಿ. ಗೋವಿಂದಸ್ವಾಮಿ (1904–1961) ಕರ್ನಾಟಕದ ಹೆಸರಾಂತ ಮನೋವೈದ್ಯರು. ಇವರು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿದ್ದರು. ಮುಂದೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. ಆ ಸಂಸ್ಥೆಯೇ ಇಂದಿನ ನಿಮ್ಹಾನ್ಸ್‌ಗೆ ತಳಹದಿ. ಮನೋರೋಗಕ್ಕೆ ಪರಿಣಾಮಕಾರಿಯಾದ ಮೊದಲ ಗುಳಿಗೆಗಳು ಭಾರತಕ್ಕೆ ಬಂದ ಕಾಲದಲ್ಲಿ ಇವರು ವೈದ್ಯರ ಜೊತೆಗೆ ಶುಶ್ರೂಷಕರಿಗೂ ವಿಶೇಷ ತರಬೇತಿ ನೀಡುವ ಸಂಸ್ಥೆಯನ್ನು ಮುನ್ನಡೆಸಿದರು.

ಹಿನ್ನೆಲೆ

ಗೋವಿಂದಸ್ವಾಮಿಯವರು ವೈದ್ಯಶಾಸ್ತ್ರದ ಜೊತೆಗೆ ಮನೋವಿಜ್ಞಾನದಲ್ಲಿಯೂ ಆಸಕ್ತಿ ಹೊಂದಿದ್ದರು. ಉನ್ನತ ತರಬೇತಿಗಾಗಿ ಇಂಗ್ಲೆಂಡ್ ಮತ್ತು ಅಮೆರಿಕಗಳಿಗೆ ತೆರಳಿದರು. ರೋಗಿಯ ಶರೀರ, ಮನಸ್ಸು ಮತ್ತು ಬಾಳಿನ ಸನ್ನಿವೇಶ ಇವೆಲ್ಲವನ್ನೂ ಒಟ್ಟಾಗಿ ನೋಡಬೇಕೆಂಬ ಅಡಾಲ್ಫ್ ಮೇಯರ್ ಅವರ ವಿಚಾರಧಾರೆಯ ಪ್ರಭಾವ ಇವರ ಮೇಲಿತ್ತು. ಭಾರತೀಯ ತತ್ತ್ವಶಾಸ್ತ್ರದಲ್ಲಿಯೂ ಇವರಿಗೆ ಒಲವಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಡಾ. ಫ್ರಾಂಕ್ ನೊರೊನ್ಹಾ ಅವರ ತರುವಾಯ ಗೋವಿಂದಸ್ವಾಮಿ ಇದರ ಹೊಣೆ ಹೊತ್ತರು. ಶಿಕಾರಿಪುರ, ಸೊರಬಗಳಂತಹ ಮಲೆನಾಡಿನ ಸೆರಗಿನ ತಾಲೂಕುಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಹೆಚ್ಚಿನ ದಾರಿ. ರೋಗಿಯನ್ನು ಅಷ್ಟು ದೂರ ಕರೆತರುವುದು ಬಡ ಕುಟುಂಬಗಳಿಗೆ ಸುಲಭದ ಮಾತಾಗಿರಲಿಲ್ಲ.

ಆ ಕಾಲದ ಚಿಕಿತ್ಸೆಗಳು ಕಠಿಣವಾಗಿದ್ದವು. ಇನ್ಸುಲಿನ್ ನೀಡಿ ರೋಗಿಯನ್ನು ಪ್ರಜ್ಞಾಹೀನ ಸ್ಥಿತಿಗೆ ಕೊಂಡೊಯ್ಯುವ ವಿಧಾನ ಮತ್ತು ಔಷಧದಿಂದ ಸೆಳವು ಬರಿಸುವ ವಿಧಾನಗಳ ಕುರಿತು ಗೋವಿಂದಸ್ವಾಮಿಯವರು 1939ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯ ಬಗ್ಗೆ ಶಸ್ತ್ರವೈದ್ಯ ಬಿ. ಎನ್. ಬಾಲಕೃಷ್ಣರಾವ್ ಅವರೊಡನೆ ಬರೆದ ಲೇಖನವು ಅದೇ ಪತ್ರಿಕೆಯಲ್ಲಿ 1944ರಲ್ಲಿ ಪ್ರಕಟವಾಯಿತು. ಇನ್ಸುಲಿನ್ ಚಿಕಿತ್ಸೆಯಲ್ಲಿ ಸಕಾಲಕ್ಕೆ ಗ್ಲೂಕೋಸ್ ಕೊಡದಿದ್ದರೆ ರೋಗಿಯ ಪ್ರಾಣಕ್ಕೇ ಅಪಾಯವಿತ್ತು. ಆದ್ದರಿಂದ ಹಾಸಿಗೆಯ ಪಕ್ಕದಲ್ಲಿರುವ ಶುಶ್ರೂಷಕರ ಎಚ್ಚರವು ವೈದ್ಯರ ಜ್ಞಾನದಷ್ಟೇ ಮುಖ್ಯವಾಗಿತ್ತು. ಕಾಲಾಂತರದಲ್ಲಿ ಇನ್ಸುಲಿನ್ ಚಿಕಿತ್ಸೆ ಮತ್ತು ಈ ಶಸ್ತ್ರಚಿಕಿತ್ಸೆ ಎರಡೂ ಬಳಕೆಯಿಂದ ಮರೆಯಾದವು.

ಅಖಿಲ ಭಾರತ ಸಂಸ್ಥೆ

1954ರ ಡಿಸೆಂಬರಿನಲ್ಲಿ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಗೋವಿಂದಸ್ವಾಮಿ ಅದರ ನಿರ್ದೇಶಕರಾದರು. ಮನೋವೈದ್ಯಶಾಸ್ತ್ರ ಮತ್ತು ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾಗಳ ಜೊತೆಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಕೂಡ ಅದೇ ದಶಕದಲ್ಲಿ ಇಲ್ಲಿ ಮೊದಲಾಯಿತು. ರೋಗಿಗಳ ಕಾವಲಿಗೆ ಸೀಮಿತವಾಗಿದ್ದ ಕೆಲಸವು ಇದರಿಂದ ಶಿಕ್ಷಣ ಪಡೆದವರು ನಡೆಸುವ ವೃತ್ತಿಯಾಗತೊಡಗಿತು.

ಹೊಸ ಔಷಧಿಯ ಕಾಲ

ಫ್ರಾನ್ಸ್‌ನ ರೋನ್-ಪುಲಾಂಕ್ ಕಂಪನಿಯಲ್ಲಿ ಪಾಲ್ ಶಾರ್ಪಾಂತಿಯೆ 1950ರ ಡಿಸೆಂಬರಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯನ್ನು ಸಿದ್ಧಪಡಿಸಿದರು. 1952ರಲ್ಲಿ ಪ್ಯಾರಿಸ್ಸಿನ ಜಾನ್ ದಲೇ ಮತ್ತು ಪಿಯೆರ್ ದೆನಿಕೆ ಮನೋವಿಕಲತೆಯಲ್ಲಿ ಅದರ ಪ್ರಯೋಜನವನ್ನು ತೋರಿಸಿದರು. ವಾಂತಿಯನ್ನು ತಡೆಯುವ ಗುಣವೂ ಇದಕ್ಕಿದೆ. ಇದೇ ಕುಲದ ಪ್ರೊಕ್ಲೋರ್‌ಪೆರಜೀನ್ ಇಂದಿಗೂ ವಾಂತಿ ಮತ್ತು ತಲೆಸುತ್ತಿಗೆ ಬಳಕೆಯಲ್ಲಿದೆ. ಐವತ್ತರ ದಶಕದಲ್ಲಿ, ಗೋವಿಂದಸ್ವಾಮಿಯವರು ನಿರ್ದೇಶಕರಾಗಿದ್ದಾಗಲೇ, ಕ್ಲೋರ್‌ಪ್ರೊಮಜೀನ್ ಭಾರತದ ಮನೋರೋಗ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿಯುತ್ತಿದ್ದ ಅನೇಕರು ಮನೆಗೆ ಮರಳುವುದು ಇಂತಹ ಔಷಧಿಗಳಿಂದ ಸಾಧ್ಯವಾಯಿತು.

ಆದರೆ ಈ ಔಷಧಿಯನ್ನು ಕೊಟ್ಟು ಸುಮ್ಮನಿರುವಂತಿಲ್ಲ. ಶುಶ್ರೂಷಕರು ಗಮನಿಸಬೇಕಾದ ಮುಖ್ಯ ಅಂಶಗಳು ಇವು:

• ಚುಚ್ಚುಮದ್ದಿನ ನಂತರ ರಕ್ತದೊತ್ತಡ ಕುಸಿಯಬಹುದು. ರೋಗಿಯನ್ನು ಅರ್ಧ ಗಂಟೆಯಾದರೂ ಮಲಗಿಸಿ, ಬಳಿಕ ನಿಧಾನವಾಗಿ ಏಳಿಸಬೇಕು.
• ಕುತ್ತಿಗೆ ತಿರುಚುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು, ದವಡೆ ಬಿಗಿಯುವುದು ಔಷಧಿಯ ಅಡ್ಡಪರಿಣಾಮಗಳು. ಯುವಕರಲ್ಲಿ ಇವು ಹೆಚ್ಚು. ಧನುರ್ವಾಯು ಅಥವಾ ದೆವ್ವದ ಕಾಟವೆಂದು ತಪ್ಪು ತಿಳಿಯುವ ಸಂಭವವಿದೆ. ಸರಿಯಾಗಿ ಗುರುತಿಸಿದರೆ ತಕ್ಕ ಔಷಧಿಯಿಂದ ಬೇಗ ಶಮನವಾಗುತ್ತವೆ.
• ಕುಳಿತಲ್ಲಿ ಕೂರಲಾಗದ ಚಡಪಡಿಕೆ ರೋಗ ಉಲ್ಬಣಿಸಿದಂತೆ ಕಾಣಬಹುದು. ಹಾಗೆ ಭಾವಿಸಿ ಔಷಧಿಯ ಪ್ರಮಾಣ ಹೆಚ್ಚಿಸಿದರೆ ತೊಂದರೆ ಇಮ್ಮಡಿಸುತ್ತದೆ.
• ತೀವ್ರ ಜ್ವರ, ಮೈ ಬಿಗಿತ, ಪ್ರಜ್ಞೆಯ ಏರುಪೇರು ಒಟ್ಟಿಗೆ ಕಂಡರೆ ಅದು ತುರ್ತು ಸ್ಥಿತಿ. ಮುಂದಿನ ಡೋಸ್ ಕೊಡದೆ ತಡಮಾಡದೆ ವೈದ್ಯರನ್ನು ಕರೆಯಬೇಕು.
• ಗಂಟಲುನೋವು ಸಹಿತ ಜ್ವರ ಹಾಗೂ ಕಾಮಾಲೆಯ ಲಕ್ಷಣಗಳನ್ನು ಕೂಡಲೇ ತಿಳಿಸಬೇಕು.
• ವಾಂತಿ ನಿಂತಿತೆಂದು ಕಾರಣವನ್ನು ಮರೆಯಬಾರದು. ಕರುಳಿನ ಅಡಚಣೆ ಅಥವಾ ಮಿದುಳಿನ ತೊಂದರೆಯನ್ನು ಈ ಔಷಧಿ ಮರೆಮಾಚಬಲ್ಲದು.
• ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಇದನ್ನು ಮೊದಲೇ ತಿಳಿಸಬೇಕು. ಮದ್ಯಪಾನ ವರ್ಜ್ಯ.
• ದ್ರಾವಣ ತಾಗಿದರೆ ಶುಶ್ರೂಷಕರ ಚರ್ಮಕ್ಕೂ ಅಲರ್ಜಿಯಾಗಬಹುದು, ಕೈಗವಸು ಧರಿಸಬೇಕು.
• ವೈದ್ಯರ ಸಲಹೆಯಿಲ್ಲದೆ ಔಷಧಿಯನ್ನು ಥಟ್ಟನೆ ನಿಲ್ಲಿಸಬಾರದು.

ನಂತರದ ಬೆಳವಣಿಗೆ

ಗೋವಿಂದಸ್ವಾಮಿಯವರು 1961ರಲ್ಲಿ ನಿಧನರಾದರು. 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆಗಳು ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಆನೇಕಲ್ ತಾಲೂಕಿನ ಸಕಲವಾರದಲ್ಲಿ ಎಪ್ಪತ್ತರ ದಶಕದಲ್ಲಿಯೂ ಬಳ್ಳಾರಿ ಜಿಲ್ಲೆಯಲ್ಲಿ ಎಂಬತ್ತರ ದಶಕದಲ್ಲಿಯೂ ಸಂಸ್ಥೆಯು ನಡೆಸಿದ ಪ್ರಯೋಗಗಳು, ಮನೋರೋಗ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿಸಬಹುದೆಂದು ತೋರಿಸಿದವು. ಕ್ಲೋರ್‌ಪ್ರೊಮಜೀನ್ ವಿಶ್ವ ಆರೋಗ್ಯ ಸಂಸ್ಥೆಯು 1977ರಲ್ಲಿ ಹೊರತಂದ ಮೊದಲ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೇ ಸ್ಥಾನ ಪಡೆದಿತ್ತು.

ಚಿಕಿತ್ಸೆಯು ರಾಜಧಾನಿಯಿಂದ ತಾಲೂಕು ಆಸ್ಪತ್ರೆಗಳತ್ತ ಸಾಗಿದಂತೆ, ಔಷಧಿಯ ಸುರಕ್ಷಿತ ಬಳಕೆಯ ಹೊಣೆಯೂ ಅಲ್ಲಿನ ಶುಶ್ರೂಷಕರ ಮೇಲೆ ಬಿದ್ದಿದೆ. ಶಿಕಾರಿಪುರ ಅಥವಾ ಸೊರಬದ ರೋಗಿಯಲ್ಲಿ ಅಡ್ಡಪರಿಣಾಮವನ್ನು ಮೊದಲು ಕಾಣುವವರು ದೂರದ ತಜ್ಞರಿಗಿಂತ ಹೆಚ್ಚಾಗಿ ಹತ್ತಿರದ ಶುಶ್ರೂಷಕರು ಮತ್ತು ಮನೆಯವರೇ. ಗೋವಿಂದಸ್ವಾಮಿಯವರ ಕಾಲದಲ್ಲಿ ಆರಂಭವಾದ ಶುಶ್ರೂಷಾ ಶಿಕ್ಷಣವು ಇದರಿಂದ ಇಂದಿಗೂ ಮಹತ್ವವನ್ನು ಉಳಿಸಿಕೊಂಡಿದೆ.