ಟೇಪು ಹಿಡಿದು ನಗಿಸಿದ ಜಾನ್ ಇನ್ಮನ್

ನಮ್ಮ ಪತ್ರಿಕೆಯಲ್ಲಿ ಕವಿಗಳ, ಶರಣರ, ದೇಶಕ್ಕಾಗಿ ಜೈಲು ಸೇರಿದವರ ಜೀವನ ಚರಿತ್ರೆ ಬರುವುದು ವಾಡಿಕೆ. ಈ ಸಲ ನನ್ನ ಪಾಳಿ. ಹೇಳಿಕೇಳಿ ನಾನು ಕಾಮರ್ಸ್ ಹುಡುಗ, ಆದ್ದರಿಂದ ಒಬ್ಬ ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಕಥೆ ಹೇಳುತ್ತೇನೆ. ಆತ ಇಂಗ್ಲೆಂಡಿನವನು. ನಿಜವಾದ ಅಂಗಡಿಯಲ್ಲಿ ಆರು ವರ್ಷ ದುಡಿದ, ಟಿ.ವಿ.ಯ ಅಂಗಡಿಯಲ್ಲಿ ಹನ್ನೆರಡು ವರ್ಷ. ಹೆಸರು ಜಾನ್ ಇನ್ಮನ್. 2007ರಲ್ಲಿ ತೀರಿಕೊಂಡ. ಟಿ.ವಿ.ಯ ಹಾಸ್ಯ ಧಾರಾವಾಹಿಗಳಲ್ಲಿ ಮೊದಮೊದಲು ಕಾಣಿಸಿಕೊಂಡ ಸಲಿಂಗಪ್ರೇಮಿ ಪಾತ್ರಗಳಲ್ಲಿ ಈತನದೂ ಒಂದು. ಈ ಮಾತು ಓದಿ ಯಾರೂ ಪುಟ ತಿರುವಬಾರದು ಅಂತ ವಿನಂತಿ. ಯಾಕೆ ಅನ್ನುವುದು ಕೊನೆಗೆ ತಿಳಿದೀತು.

ನನಗೆ ಆತನ ಪರಿಚಯ ಮಾಡಿಸಿದ್ದು ಡೊಂಬಿವಿಲಿಯಲ್ಲಿರುವ ನನ್ನ ಸೋದರಮಾವ. ಮಾವ ಮೂವತ್ತು ವರ್ಷ ದಾದರಿನ ಬಟ್ಟೆ ಅಂಗಡಿಯೊಂದರ ಪ್ಯಾಂಟು ಶರ್ಟಿನ ಕೌಂಟರಿನಲ್ಲಿ ನಿಂತವರು. ಲಂಡನ್ನಿಗೆ ಹೋಗಿಬರುತ್ತಿದ್ದ ಗಿರಾಕಿಯೊಬ್ಬರು, ಇದು ನಿಮ್ಮಂಥವರದೇ ಕಥೆ ಅಂತ ಹೇಳಿ ಅವರಿಗೊಂದು ಡಿ.ವಿ.ಡಿ. ಕಟ್ಟು ಕೊಟ್ಟಿದ್ದರಂತೆ. ನಾನಾಗ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸು. ಭಾನುವಾರ ಊಟವಾದ ಮೇಲೆ ಮಾವ, ಅತ್ತೆ, ನಾನು ಚಾಪೆ ಹಾಸಿಕೊಂಡು ನೋಡುತ್ತಿದ್ದೆವು. ಇಂಗ್ಲಿಷು ಅರ್ಧಕ್ಕರ್ಧ ತಲೆಯ ಮೇಲೇ ಹಾರಿಹೋಗುತ್ತಿತ್ತು. ಆದರೂ ಹೊಟ್ಟೆ ಹುಣ್ಣಾಗುವಷ್ಟು ನಗು. ಧಾರಾವಾಹಿಯ ಹೆಸರು ‘ಆರ್ ಯು ಬೀಯಿಂಗ್ ಸರ್ವ್ಡ್?’. ಅಂದರೆ, ನಿಮ್ಮನ್ನು ಯಾರಾದರೂ ವಿಚಾರಿಸಿಕೊಂಡರೇ ಅಂತ ಅಂಗಡಿಯವರು ಗಿರಾಕಿಯನ್ನು ಕೇಳುವ ಪ್ರಶ್ನೆ.

ಇನ್ಮನ್ ಹುಟ್ಟಿದ್ದು 1935ರ ಜೂನ್ 28ರಂದು, ಲ್ಯಾಂಕಾಷೈರಿನ ಪ್ರೆಸ್ಟನ್ ಊರಿನಲ್ಲಿ. ಹನ್ನೆರಡು ವರ್ಷದವನಿದ್ದಾಗ ಮನೆಯವರು ಸಮುದ್ರ ತೀರದ ಬ್ಲ್ಯಾಕ್‌ಪೂಲಿಗೆ ಬಂದರು. ಅದು ರಜಾ ಕಳೆಯಲು ಜನ ಬರುವ ಊರು. ತಾಯಿ ಅಲ್ಲಿ ಊಟ ವಸತಿಯ ಮನೆ ನಡೆಸಿದಳು, ತಂದೆಯದು ಕ್ಷೌರದಂಗಡಿ. ಹುಡುಗನಿಗೆ ಬಟ್ಟೆ ಹೊಲಿಯುವುದರಲ್ಲಿ ಆಸೆ, ನಾಟಕದಲ್ಲಿ ಅದಕ್ಕಿಂತ ಹೆಚ್ಚು ಆಸೆ. ಅಪ್ಪ ಅಮ್ಮ ಬೈಯಲಿಲ್ಲ, ಬದಲಿಗೆ ದುಡ್ಡು ಕೊಟ್ಟು ಸ್ಪಷ್ಟವಾಗಿ ಮಾತಾಡುವುದನ್ನು ಕಲಿಸಲು ಪಾಠಕ್ಕೆ ಸೇರಿಸಿದರು. ಹದಿಮೂರನೆಯ ವಯಸ್ಸಿಗೆ ಅದೇ ಊರಿನ ಸೌತ್ ಪಿಯರ್ ಮೇಲಿನ ರಂಗಮಂದಿರದಲ್ಲಿ ಮೊದಲ ಪಾತ್ರ. ಆಮೇಲೆ ಅಲ್ಲೇ ಚಹಾ ಮಾಡುವುದು, ಕಸ ಗುಡಿಸುವುದು, ಸಣ್ಣಪುಟ್ಟ ಪಾತ್ರ ಮಾಡುವುದು.

ನಾಟಕದಿಂದ ಹೊಟ್ಟೆ ತುಂಬಬೇಕಲ್ಲ! ಶಾಲೆ ಬಿಟ್ಟ ಮೇಲೆ ಬ್ಲ್ಯಾಕ್‌ಪೂಲಿನ ಫಾಕ್ಸ್ ಎಂಬ ಗಂಡಸರ ಉಡುಪಿನ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿದ. ಗಾಜಿನ ಕಿಟಕಿಯೊಳಗೆ ಬಟ್ಟೆಗಳನ್ನು ಅಂದವಾಗಿ ಜೋಡಿಸಿಡುವುದರಲ್ಲಿ ಪಳಗಿದ. ಹದಿನೇಳಕ್ಕೆ ಲಂಡನ್ ಸೇರಿ ರೀಜೆಂಟ್ ಸ್ಟ್ರೀಟಿನ ಆಸ್ಟಿನ್ ರೀಡ್ ಅಂಗಡಿಯಲ್ಲಿ ನಾಲ್ಕು ವರ್ಷ ಕಳೆದ. ಆಮೇಲೆ ಆ ಖಾಯಂ ನೌಕರಿ ಬಿಟ್ಟು, ಊರೂರು ಸುತ್ತುವ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುವವನಾಗಿ ಸೇರಿದ. ನಟರ ಸಂಘದ ಕಾರ್ಡು ಸಿಗಲಿ ಅಂತ. ಅಲ್ಲಿ ಆ ಕಾರ್ಡಿಲ್ಲದೆ ನಟನಿಗೆ ಕೆಲಸ ಸಿಗುವುದು ಕಷ್ಟವಿತ್ತು.

ಮುಂದೆ ಹದಿನೈದಿಪ್ಪತ್ತು ವರ್ಷ ದೊಡ್ಡ ಹೆಸರೇನೂ ಬರಲಿಲ್ಲ. ಸಂಗೀತ ನಾಟಕ, ಬೇಸಗೆಯ ಪ್ರದರ್ಶನ, ಚಳಿಗಾಲದಲ್ಲಿ ಪ್ಯಾಂಟೊಮೈಮ್. ಪ್ಯಾಂಟೊಮೈಮ್ ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳು ಮರಿ ಕಟ್ಟಿಕೊಂಡು ನೋಡುವ ಹಾಡು ಕುಣಿತದ ನಾಟಕ. ಅದರಲ್ಲಿ ಮುದುಕಿಯ ವೇಷವನ್ನು ಗಂಡಸರೇ ಹಾಕುವುದು ಸಂಪ್ರದಾಯ. ನಮ್ಮ ಯಕ್ಷಗಾನದ ಸ್ತ್ರೀವೇಷ ಬೇರೆ, ಅಲ್ಲಿ ಕಲಾವಿದ ಹೆಣ್ಣೇ ಅನ್ನಿಸಬೇಕು. ಇಲ್ಲಿ ಇವನು ಗಂಡಸು ಅಂತ ಕೊನೆಯ ಬೆಂಚಿನ ಮಗುವಿಗೂ ಗೊತ್ತಿರಬೇಕು, ಅದರಲ್ಲೇ ನಗು. ಬ್ಯಾರಿ ಹೋವರ್ಡ್ ಎಂಬ ನಟನ ಜೊತೆ ಸಿಂಡ್ರೆಲಾಳ ಕುರೂಪಿ ಅಕ್ಕಂದಿರಾಗಿ ಇನ್ಮನ್ ಹೆಸರು ಮಾಡಿದ.

1972ರಲ್ಲಿ ಡೇವಿಡ್ ಕ್ರಾಫ್ಟ್ ಮತ್ತು ಜೆರೆಮಿ ಲಾಯ್ಡ್ ಬಿಬಿಸಿಗಾಗಿ ಒಂದು ಅಂಗಡಿಯ ಕಥೆ ಬರೆದರು. ಲಾಯ್ಡ್ ಹಿಂದೆ ಪಿಕಡಿಲಿಯ ಸಿಂಪ್ಸನ್ಸ್ ಅಂಗಡಿಯಲ್ಲಿ ಸೂಟು ಮಾರಿದ್ದವನು, ಒಳಗಿನ ಕಥೆಯೆಲ್ಲ ಗೊತ್ತಿತ್ತು. ಮೊದಲ ಕಂತು ತಯಾರಾಗಿ ಡಬ್ಬಿಯಲ್ಲೇ ಕೂತಿತ್ತು. ಆ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಇಸ್ರೇಲಿ ಕ್ರೀಡಾಪಟುಗಳ ಹತ್ಯೆಯಾಗಿ ಆಟಗಳು ನಿಂತವು. ಟಿ.ವಿ.ಯಲ್ಲಿ ಖಾಲಿ ಬಿದ್ದ ಜಾಗ ತುಂಬಲು 8ನೆಯ ತಾರೀಖು ಇದನ್ನು ತೋರಿಸಿದರು. ಮರುವರ್ಷ ಮಾರ್ಚಿನಿಂದ ಸರಣಿಯೇ ಶುರುವಾಯಿತು. 1985ರ ಏಪ್ರಿಲ್‌ವರೆಗೆ ಒಟ್ಟು 69 ಕಂತು.

ಅಂಗಡಿಯ ಹೆಸರು ಗ್ರೇಸ್ ಬ್ರದರ್ಸ್. ಒಂದೇ ಮಹಡಿಯಲ್ಲಿ ಒಂದು ಕಡೆ ಗಂಡಸರ ಉಡುಪು, ಇನ್ನೊಂದು ಕಡೆ ಹೆಂಗಸರದು. ಹೂ ಸಿಕ್ಕಿಸಿಕೊಂಡು ಓಡಾಡುವ ಮೇಲ್ವಿಚಾರಕ ಕ್ಯಾಪ್ಟನ್ ಪೀಕಾಕ್, ದಿನಕ್ಕೊಂದು ಬಣ್ಣದ ಕೂದಲಿನ ಮಿಸೆಸ್ ಸ್ಲೋಕೋಂಬ್, ಮುಂಗೋಪಿ ಹಿರಿಯ ಗ್ರೇಂಜರ್, ಕಿರಿಯ ಲ್ಯೂಕಸ್. ನಡುವೆ ಇನ್ಮನ್ನನ ಮಿಸ್ಟರ್ ಹಂಫ್ರೀಸ್. ಗಿರಾಕಿ ಬಂದರೆ ಯಾರೂ ನುಗ್ಗುವಂತಿಲ್ಲ, ಹಿರಿತನದ ಪ್ರಕಾರವೇ ಮುಂದೆ ಬರಬೇಕು. ಕೋಟಿನ ತೋಳು ಉದ್ದವಾದರೆ, ತೊಡುತ್ತಾ ತೊಡುತ್ತಾ ಮೇಲೇರುತ್ತದೆ ಅಂತ ಗಿರಾಕಿಯನ್ನು ನಂಬಿಸಿಬಿಡುತ್ತಾರೆ. ಮಾವ ಇದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಒಗೆದ ಮೇಲೆ ಸರಿ ಹೋಗುತ್ತೆ ಅಂತ ತಾವೂ ಎಷ್ಟು ಪ್ಯಾಂಟು ದಾಟಿಸಿದ್ದರೋ ಏನೋ!

ಹಂಫ್ರೀಸನ ನಡಿಗೆಯಲ್ಲಿ ಒಂದು ಕುಣಿತ, ದನಿಯಲ್ಲಿ ಒಂದು ಎಳೆತ, ಕೊರಳಲ್ಲಿ ಅಳತೆಯ ಟೇಪು. ಪ್ಯಾಂಟಿಗೆ ಕಾಲಿನ ಒಳಗಡೆಯ ಅಳತೆ ತೆಗೆಯುವಾಗ ಅವನ ಮುಖ ನೋಡಬೇಕು. ಬಿಡುವಾಗಿದ್ದೀರಾ ಅಂತ ಪೀಕಾಕ್ ಕೂಗಿದರೆ, ಬಿಡುವಾಗಿದ್ದೇನೆ ಅಂತ ಎರಡೇ ಪದದಲ್ಲಿ ರಾಗವಾಗಿ ಉತ್ತರಿಸುತ್ತಿದ್ದ. ಇಂಗ್ಲೆಂಡಿನ ಬೀದಿಯಲ್ಲಿ ಜನ ಇನ್ಮನ್ನನನ್ನು ಕಂಡಲ್ಲೆಲ್ಲ ಆ ಎರಡು ಪದ ಕೂಗುವಂತಾಯಿತು. ಬಿಡುವು ಅನ್ನುವುದಕ್ಕೂ ಸ್ವತಂತ್ರ ಅನ್ನುವುದಕ್ಕೂ ಅವರ ಭಾಷೆಯಲ್ಲಿ ಒಂದೇ ಪದ. ಏಳನೆಯ ಕ್ಲಾಸಿನಲ್ಲಿ ನನಗದು ಹೊಳೆದಿರಲಿಲ್ಲ. ಈಗ ಆ ದನಿ ಕೇಳಿದಾಗ ಎರಡನೆಯ ಅರ್ಥವೇ ಮೊದಲು ಕಿವಿಗೆ ಬೀಳುತ್ತದೆ.

ಯಾಕೆಂದರೆ ಆತ ಅಷ್ಟೇನೂ ಸ್ವತಂತ್ರನಿರಲಿಲ್ಲ. ಗಂಡು ಗಂಡನ್ನು ಪ್ರೀತಿಸಿ ಕೂಡಿದರೆ ಜೈಲು ಅನ್ನುವ ಕಾನೂನು ಇಂಗ್ಲೆಂಡಿನಲ್ಲಿ ಸಡಿಲವಾದದ್ದು 1967ರ ಜುಲೈಯಲ್ಲಿ. ಅದೂ 21 ವರ್ಷ ತುಂಬಿದವರಿಗೆ ಮಾತ್ರ, ನಾಲ್ಕು ಗೋಡೆಯೊಳಗೆ ಮಾತ್ರ. ಆಗ ಇನ್ಮನ್ನನಿಗೆ 32. ಅಷ್ಟು ವರ್ಷ ಒಬ್ಬ ಮನುಷ್ಯ ತನ್ನ ಮನಸ್ಸನ್ನೇ ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡು ಓಡಾಡಿದ್ದರೆ, ಕಾನೂನು ಬದಲಾದ ಮರುದಿನವೇ ಅಂಗಡಿ ಬಾಗಿಲು ತೆರೆದ ಹಾಗೆ ತೆರೆದು ಕೂರುತ್ತಾನೆಯೆ?

ಮೊದಲ ಕಂತಾದ ಮೇಲೆ ಈ ಪಾತ್ರ ಬೇಡ ಅಂತ ಬಿಬಿಸಿಯ ಮೇಲಧಿಕಾರಿಗಳು ಹೇಳಿದರಂತೆ. ಅವನು ಹೋದರೆ ನಾನೂ ಹೋಗುತ್ತೇನೆ ಅಂತ ತಾನು ಪಟ್ಟು ಹಿಡಿದದ್ದಾಗಿ ಕ್ರಾಫ್ಟ್ ಮುಂದೆ ನೆನಪು ಮಾಡಿಕೊಂಡಿದ್ದಾನೆ. ಪಾತ್ರ ಉಳಿಯಿತು. ಬರೀ ನಾಲ್ಕು ಮಾತಿನ ಪಾತ್ರ ಬೆಳೆದು ಬೆಳೆದು ಸರಣಿಯ ಕಣ್ಣಾಯಿತು. 1976ರಲ್ಲಿ ಬಿಬಿಸಿಯೇ ಇನ್ಮನ್ನನನ್ನು ವರ್ಷದ ಟಿ.ವಿ. ವ್ಯಕ್ತಿ ಅಂತ ಗೌರವಿಸಿತು.

ಇಲ್ಲಿಂದ ಲೆಕ್ಕ ಜಟಿಲವಾಗುತ್ತದೆ. ಸಲಿಂಗಪ್ರೇಮಿಗಳ ಹಕ್ಕಿಗಾಗಿ ದುಡಿಯುತ್ತಿದ್ದ ಸಂಘಟನೆಯೊಂದರವರು ಇನ್ಮನ್ನನ ಪ್ರದರ್ಶನದೆದುರು ಫಲಕ ಹಿಡಿದು ನಿಂತರು. ನಮ್ಮನ್ನೆಲ್ಲ ಸೊಂಟ ಕುಣಿಸುವ ಕೋಡಂಗಿಗಳೆಂದು ಜನ ತಿಳಿಯುತ್ತಾರೆ, ಇದರಿಂದ ನಮ್ಮ ಕೆಲಸ ಕೆಡುತ್ತದೆ ಅನ್ನುವುದು ಅವರ ತಕರಾರು. ಇನ್ಮನ್ ಒಪ್ಪಲಿಲ್ಲ. ತಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಜನ ಹಂಫ್ರೀಸನನ್ನು ಮೆಚ್ಚಿದ್ದಾರೆ, ಇದರಿಂದ ಒಳ್ಳೆಯದೇ ಆಗುತ್ತಿರಬಹುದು ಅನ್ನುವುದು ಆತನ ವಾದ. ಬರೆದವರಂತೂ ಜಾಣರು. ಹಂಫ್ರೀಸ್ ಸಲಿಂಗಪ್ರೇಮಿ ಅಂತ ನಾವೆಲ್ಲಿ ಹೇಳಿದ್ದೇವೆ, ಅವನು ಅಮ್ಮನ ಮಗ ಅಷ್ಟೆ ಅಂತ ನುಣುಚಿಕೊಂಡರು. 69 ಕಂತಿನಲ್ಲಿ ಒಮ್ಮೆಯೂ ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ.

ನಾನು ಎರಡೂ ಬದಿಯನ್ನು ತೂಗಿ ನೋಡಿದ್ದೇನೆ. ತಕರಾರು ಮಾಡಿದವರದು ಸುಳ್ಳಲ್ಲ. ದೇಶದಲ್ಲೆಲ್ಲ ಹುಡುಗರು ಆ ನಡಿಗೆಯನ್ನು ಅಣಕಿಸಲು ಕಲಿತಿರುತ್ತಾರೆ, ಆ ಅಣಕ ಯಾವನೋ ಒಬ್ಬ ಮೆತ್ತಗಿನ ಹುಡುಗನ ಬೆನ್ನಿಗೆ ಬಿದ್ದಿರುತ್ತದೆ. ಆದರೆ ಇನ್ನೊಂದು ಮಾತೂ ಇದೆ. ಅದನ್ನು ತೋರಿಸಿಕೊಟ್ಟವರು ನಮ್ಮ ಮಾವ, ಯಾವ ಸಿದ್ಧಾಂತವೂ ಇಲ್ಲದೆ. ಹಂಫ್ರೀಸ್ ಬಟ್ಟೆ ಮುಟ್ಟುವ ರೀತಿ ನೋಡು, ಟೇಪು ಬೀಸುವುದು ನೋಡು, ಇವನು ಕಸುಬು ಬಲ್ಲವನು ಅನ್ನುತ್ತಿದ್ದರು. ನಿಜ. ಆ ಅಂಗಡಿಯಲ್ಲಿ ಹಂಫ್ರೀಸನಿಗೆ ಒಂದು ಕೌಂಟರಿದೆ, ಹಿರಿತನವಿದೆ, ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಕುರ್ಚಿಯಿದೆ, ಮನೆಯಲ್ಲಿ ತಾಯಿ ಇದ್ದಾಳೆ. ಯಾರಾದರೂ ಕುಟುಕಿದರೆ ಅವರಿಗಿಂತ ಚುರುಕಾದ ಉತ್ತರವಿದೆ. ಅವನು ಯಾರೆದುರೂ ನಾಚಿ ತಲೆ ತಗ್ಗಿಸುವುದಿಲ್ಲ. ಜೊತೆಗಾರರು ಅವನನ್ನು ತಿದ್ದಲು ಹೋಗುವುದೂ ಇಲ್ಲ. ಹೀಗೆ ಒಬ್ಬ ಮನುಷ್ಯ ಕೋಟ್ಯಂತರ ಮಂದಿಯ ಮನೆಯೊಳಗೆ ಬಂದು ಕೂತು, ಅಜ್ಜಿಯಂದಿರನ್ನೂ ನಗಿಸಿ ಹೋಗುತ್ತಿದ್ದದ್ದು ಸಣ್ಣ ಮಾತಲ್ಲ.

ಇದನ್ನು ಬರೆಯಲು ನಮ್ಮ ಬಳಗದಲ್ಲೇ ಒಂದು ಕಾರಣವಿದೆ. ರಾಜ್ಯೋತ್ಸವದ ಪ್ರಹಸನದಲ್ಲಿ ಸೊಂಟ ಬಳುಕಿಸಿಕೊಂಡು ಬರುವ ಪಾತ್ರವೊಂದು ನಮ್ಮಲ್ಲಿ ಇದ್ದೇ ಇರುತ್ತದೆ. ಅದನ್ನು ಒಬ್ಬನೇ ಗೆಳೆಯನಿಗೆ ಕೊಡುತ್ತಾ ಬಂದಿದ್ದೇವೆ, ಅವನು ಚೆನ್ನಾಗಿ ಮಾಡುತ್ತಾನೆ ಅಂತ. ಈ ವರ್ಷ ಅವನು ಆ ಪಾತ್ರ ಬೇಡ ಅಂದ. ತಮಾಷೆಗೆ ತಾನೆ, ಇಷ್ಟಕ್ಕೆಲ್ಲ ಕೋಪವೇ ಅಂತ ಕೆಲವರು ಅಂದರು. ಅವನಿಗೆ ಕೋಪ ಬಂದಿರಲಿಲ್ಲ. ನಾಟಕ ಮುಗಿದ ಮೇಲೂ ಕಾರಿಡಾರಿನಲ್ಲಿ, ಲೋಕಲ್ ಟ್ರೇನಿನಲ್ಲಿ ಜನ ಅದೇ ಪಾತ್ರದ ಹೆಸರು ಹಿಡಿದು ಕರೀತಾರೆ, ಪರದೆ ಬೀಳುವುದೇ ಇಲ್ಲ ಅಂತ ನನಗೆ ಹೇಳಿದ. ಇನ್ಮನ್ನನಿಗೂ ಬೀದಿಯಲ್ಲಿ ಜನ ಕೂಗುತ್ತಿದ್ದರು. ಆದರೆ ಆತನಿಗೆ ಆ ಕೂಗಿಗೆ ಸಂಬಳ ಬರುತ್ತಿತ್ತು, ಹೆಸರು ಬರುತ್ತಿತ್ತು. ನಮ್ಮ ಗೆಳೆಯನಿಗೆ ಏನು ಬರುತ್ತದೆ? ಅವನ ಮನಸ್ಸಿನ ವಿಷಯ ನಾನು ಕೇಳಿಲ್ಲ, ಕೇಳುವ ಅಗತ್ಯವೂ ನನಗೆ ಕಾಣುವುದಿಲ್ಲ. ಈ ಭಾಗವನ್ನು ಅವನಿಗೆ ಓದಿ ತೋರಿಸಿಯೇ ಅಚ್ಚಿಗೆ ಕೊಡುತ್ತಿದ್ದೇನೆ.

ಇನ್ಮನ್ನನ ಮುಂದಿನ ದಿನಗಳು ಹೀಗೆ. 1977ರಲ್ಲಿ ಸರಣಿಯನ್ನು ಸಿನಿಮಾ ಮಾಡಿದರು. 1980ರಲ್ಲಿ ಆಸ್ಟ್ರೇಲಿಯಾದವರು ತಮ್ಮದೇ ಅಂಗಡಿ ಕಟ್ಟಿ ಆತನನ್ನು ಕರೆಸಿಕೊಂಡರು. 1981ರಲ್ಲಿ ಹೆಂಗಸೊಬ್ಬಳು ಬಾಸ್, ಈತ ಅವಳ ಸೆಕ್ರೆಟರಿ ಆಗಿರುವ ಇನ್ನೊಂದು ಧಾರಾವಾಹಿ ಬಂತು, ಹೆಚ್ಚು ದಿನ ನಡೆಯಲಿಲ್ಲ. ಅಮೆರಿಕದ ಟಿ.ವಿ.ಯಲ್ಲೂ ಹಂಫ್ರೀಸ್ ಜನಪ್ರಿಯನಾದ. 1992ರಲ್ಲಿ ಹಳೆಯ ಗೆಳೆಯರಲ್ಲಿ ಕೆಲವರು ‘ಗ್ರೇಸ್ ಅಂಡ್ ಫೇವರ್’ ಎಂಬ ಸರಣಿಯಲ್ಲಿ ಮತ್ತೆ ಸೇರಿದರು. ಇದರ ನಡುವೆ ವರ್ಷ ತಪ್ಪದೆ ಚಳಿಗಾಲ ಬಂತೆಂದರೆ ಪ್ಯಾಂಟೊಮೈಮಿನ ಮುದುಕಿಯ ವೇಷ. ಅಂಥವು ನಲವತ್ತಕ್ಕೂ ಹೆಚ್ಚು. 2004ರ ಡಿಸೆಂಬರಿನಲ್ಲಿ ಹೆಪಟೈಟಿಸ್ ಎ ಕಾಯಿಲೆ ಹಿಡಿದು ಆ ಸಲದ ನಾಟಕ ಬಿಡಬೇಕಾಯಿತು. ಮತ್ತೆ ರಂಗಕ್ಕೆ ಬರಲಾಗಲಿಲ್ಲ.

ಮನೆಯ ವಿಷಯ ಆತ ಜೀವನವಿಡೀ ಹೆಚ್ಚು ಮಾತಾಡಿದವನಲ್ಲ. ಇಂಗ್ಲೆಂಡಿನಲ್ಲಿ ಒಂದೇ ಲಿಂಗದ ಇಬ್ಬರು ಸಂಗಾತಿಗಳಾಗಿ ನೋಂದಣಿ ಮಾಡಿಸಿಕೊಳ್ಳುವ ಕಾನೂನು 2005ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದೇ ತಿಂಗಳು ಇನ್ಮನ್ ತನ್ನ ಸಂಗಾತಿಯ ಜೊತೆ ವೆಸ್ಟ್‌ಮಿನ್‌ಸ್ಟರ್ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿದ. ಆಗ ಆತನಿಗೆ ಎಪ್ಪತ್ತು, ಮೈಯಲ್ಲಿ ಕಾಯಿಲೆ. ಅವರಿಬ್ಬರೂ ಜೊತೆಯಾಗಿ 33 ವರ್ಷವಾಗಿತ್ತು. ಕಾಮರ್ಸ್ ಹುಡುಗನಾದ ನಾನು ಕಳೆದು ನೋಡಿದೆ: 1972 ಬರುತ್ತದೆ. ಹಂಫ್ರೀಸ್ ಮೊದಲ ಸಲ ಟೇಪು ಹಿಡಿದ ವರ್ಷ. ಆ ಪಾತ್ರದ ಬಗ್ಗೆ ದೇಶ ನಕ್ಕು, ಜಗಳವಾಡಿ, ಪ್ರಶಸ್ತಿ ಕೊಟ್ಟ ಅಷ್ಟೂ ಕಾಲ ಮನೆಯಲ್ಲಿ ಒಬ್ಬರು ಆತನ ದಾರಿ ನೋಡುತ್ತಿದ್ದರು. 2007ರ ಮಾರ್ಚ್ 8ರಂದು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಇನ್ಮನ್ ತೀರಿಕೊಂಡ. ಆ ಕಾಗದ ಆತನ ಕೈಗೆ ಸಿಕ್ಕಿದ್ದು ಒಂದು ಕಾಲು ವರ್ಷಕ್ಕೆ ಮಾತ್ರ.

ನಮ್ಮ 377ನೆಯ ಕಲಮನ್ನೂ ಅದೇ ಇಂಗ್ಲಿಷರು 1860ರಲ್ಲಿ ಬರೆದಿಟ್ಟು ಹೋದದ್ದು. ಅವರು ತಮ್ಮಲ್ಲಿ ಕಾನೂನು ಸಡಿಲಿಸಿ 51 ವರ್ಷವಾದ ಮೇಲೆ, 2018ರ ಸೆಪ್ಟೆಂಬರ್ 6ರಂದು, ಒಪ್ಪಿ ಕೂಡಿದ ವಯಸ್ಕರಿಗೆ ಅದು ಅನ್ವಯಿಸದು ಅಂತ ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮದುವೆಯ ಹಕ್ಕು ಕೇಳಿ ಹೋದವರಿಗೆ 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಅದನ್ನು ಕೊಡಲಿಲ್ಲ. ಕಾನೂನು ತನ್ನ ನಡಿಗೆಯಲ್ಲಿ ಬರುತ್ತದೆ. ನಮ್ಮ ಕೈಯಲ್ಲಿರುವುದು ನವೆಂಬರಿನ ಪ್ರಹಸನ ಮಾತ್ರ.

ಅದಕ್ಕೆ ನನ್ನದೊಂದು ಸೂಚನೆ. ನಗು ಬೇಡ ಅಂತ ನಾನು ಹೇಳುತ್ತಿಲ್ಲ, ನಗದಿದ್ದರೆ ನಮ್ಮ ಹಾಲಿಗೆ ಯಾರು ಬರುತ್ತಾರೆ? ಆದರೆ ಆ ಪಾತ್ರಕ್ಕೆ ಬರೀ ನಡಿಗೆಯನ್ನಷ್ಟೇ ಕೊಡುವುದು ಬೇಡ. ಒಂದು ಹೆಸರು ಕೊಡೋಣ, ಒಂದು ಉದ್ಯೋಗ ಕೊಡೋಣ, ಅವನನ್ನು ಕುಟುಕಿದವನಿಗೆ ತಿರುಗಿ ಹೇಳಲು ಒಂದು ಒಳ್ಳೆಯ ಮಾತು ಕೊಡೋಣ. ಹಾಗೆ ಬರೆದರೆ ಮಾಡುತ್ತೇನೆ ಅಂತ ನಮ್ಮ ಗೆಳೆಯ ಒಪ್ಪಿದ್ದಾನೆ. ಬಟ್ಟೆ ಅಂಗಡಿಯ ದೃಶ್ಯವಾದರೆ ಟೇಪು ನಮ್ಮ ಮಾವನ ಹತ್ತಿರ ಇದೆ. ಬರೆಯುವವರು ಮುಂದೆ ಬರಬೇಕು.